ಬೇಲಿಯಾಚೆಯ ಕ್ಯಾಚು

ಕೋಟು ತೂಗಲು ಹದಿನೆಂಟು ಗೂಟ.
ಅಕ್ಟೋಬರಿನಿಂದ ಹದಿನೈದು ಕೋಟು.

ಎಂಟು ತರಗತಿ, ಒಂದೇ ಕೋಣೆ, ಒಬ್ಬಳೇ ಟೀಚರು.
ಅವಳು ಓದಿದ್ದೂ ಎಂಟೇ, ಇದೇ ಕೋಣೆಯಲ್ಲಿ,
ಕಿಟಕಿಯಿಂದ ಎರಡನೆಯ ಬೆಂಚಿನಲ್ಲಿ.
ಅವಳೇ ನಾನು, ಐಲೀನ್ ನೋಲ್ಟ್, ವಯಸ್ಸು ಇಪ್ಪತ್ತು.
ಭೂಪಟದಲ್ಲಿ ನಮ್ಮದು ನ್ಯೂಯಾರ್ಕ್ ರಾಜ್ಯ;
ಆ ಹೆಸರಿನ ನಗರ ನಾನು ಕಂಡಿಲ್ಲ,
ಬೆರಳಿಟ್ಟು ಮಕ್ಕಳಿಗೆ ತೋರಿಸುತ್ತೇನೆ.
ಪಾಠಕ್ಕೆ ಇಂಗ್ಲಿಷು, ಪ್ರಾರ್ಥನೆಗೆ ಜರ್ಮನ್ನು,
ಜಗಳಕ್ಕೆ ಮಾತ್ರ ಮನೆಯ ಮಾತು.

ಮೂರು ಗೂಟ ಖಾಲಿಯಾದದ್ದು ಹೀಗೆ:
ಏಮಸ್ ಸೆನ್ಸೆನಿಗ್ ತನ್ನ ಟ್ರ್ಯಾಕ್ಟರಿನ
ಕಬ್ಬಿಣದ ಗಾಲಿ ಬಿಚ್ಚಿ ರಬ್ಬರಿನದು ಹಾಕಿಸಿದ.
ರಬ್ಬರಾದರೆ ರಸ್ತೆಗಿಳಿಯುತ್ತದೆ,
ರಸ್ತೆಗಿಳಿದದ್ದು ಪೇಟೆಗೆ ಹೋಗುತ್ತದೆ,
ಪೇಟೆಗೆ ಹೋದದ್ದು...
ಸಭೆಯ ಹಿರಿಯರು ವಾಕ್ಯ ಮುಗಿಸಲಿಲ್ಲ.
ಎರಡು ಸಲ ಅವನ ಮನೆಗೆ ಹೋಗಿ ಕೇಳಿದರು.
ಮೂರನೆಯ ಸಲ ಹೇಳಿದರು.
(ನಮ್ಮ ಸೈಕಲ್ಲಿಗೂ ರಬ್ಬರೇ ಅಲ್ವಾ ಟೀಚರ್,
ಎಂದಳು ಒಂದನೇ ತರಗತಿಯ ಲೂಸಿಲ್.
ಕೂಡುವ ಲೆಕ್ಕ ತೆಗಿ, ಎಂದೆ.)

ಎಲ್ಲವನ್ನೂ ಯೋಚಿಸಿದ್ದರು ಹಿರಿಯರು,
ಬೇಸ್‌ಬಾಲೊಂದನ್ನು ಬಿಟ್ಟು.
ಆ ಕಡೆಗೆ ಒಂಬತ್ತು, ಈ ಕಡೆಗೆ ಒಂಬತ್ತು,
ದೇವರೇ ಎಣಿಸಿಕೊಟ್ಟಂತಿದ್ದ ಹದಿನೆಂಟರಲ್ಲಿ
ಚೆಂಡೆಸೆಯುವ ವರ್ನಾ ಹೋದಳು, ಎಡಗೈಯ ಐವನ್ ಹೋದ,
ಮೈದಾನದ ತುದಿಯಲ್ಲಿ ನಿಂತು
ಒಂದು ಚೆಂಡನ್ನೂ ಕೆಳಗೆ ಬಿಡದ ಲಮಾರ್ ಹೋದ.
ಅವನು ನಿಲ್ಲುತ್ತಿದ್ದಲ್ಲಿ ಹುಲ್ಲು
ಊಟದ ತಟ್ಟೆಯಷ್ಟಗಲ ಸವೆದಿದೆ.
ಅಲ್ಲಿ ಯಾರೂ ನಿಲ್ಲುವುದಿಲ್ಲ ಈಗ.
ನಿಲ್ಲಬೇಡಿ ಎಂದು ಯಾರೂ ಹೇಳಿಲ್ಲ.

ಆ ಮಂಗಳವಾರ ಸರೋವರದ ಕಡೆಯಿಂದ ಗಾಳಿ,
ಗಾಳಿಯಲ್ಲಿ ಕೊಯ್ಯದೆ ಉಳಿದ ದ್ರಾಕ್ಷಿಯ ಹುಳಿವಾಸನೆ.
ಡೀಕನರ ಮಗ ಮಾರ್ವಿನ್ ಬೀಸಿ ಹೊಡೆದ.
ಎದ್ದಿತು ಚೆಂಡು, ಎಲ್ಲರ ತಲೆಯ ಮೇಲೆ,
ಖಾಲಿ ಜಾಗದ ಮೇಲೆ, ಬೇಲಿಯ ಮೇಲೆ.
ಬೇಲಿಯಾಚೆ, ರಸ್ತೆಯಂಚಿಗೆ ಸೈಕಲ್ಲು ಒರಗಿಸಿ
ಎಷ್ಟು ಹೊತ್ತಿನಿಂದ ನಿಂತಿದ್ದನೋ ಹುಡುಗ,
ಗ್ಲೌಸು ತೊಟ್ಟೇ ನಿಂತಿದ್ದ.
ಮೂರು ಹೆಜ್ಜೆ ಹಿಂದೆ ಸರಿದ. ಹಿಡಿದ.
ದಪ್ಪ ಬೈಬಲ್ಲು ಮುಚ್ಚಿದ ಹಾಗೆ ಆ ಸದ್ದು
ಶಾಲೆಯ ಮೆಟ್ಟಿಲ ತನಕ ಕೇಳಿಸಿತು.

ಮಾರ್ವಿನ್ ಓಡುತ್ತಲೇ ಇದ್ದ. ಉಳಿದವರು ನನ್ನ ಸುತ್ತ:
ಟೀಚರ್, ಬೇಲಿ ದಾಟಿದರೆ ಹೋಮ್‌ರನ್ನು!
ಟೀಚರ್, ನೆಲ ಮುಟ್ಟೇ ಇಲ್ಲ!
ಅವನು ನಮ್ಮವನಲ್ಲ ಟೀಚರ್!
ಹಾಗಾದರೆ ಅವನು ಯಾವ ಕಡೆ?
ಎಲ್ಲ ಮನೆಯ ಮಾತಿನಲ್ಲೇ.

ಆಟದ ನಿಯಮದ ಪುಸ್ತಕ ನಮ್ಮಲ್ಲಿಲ್ಲ.
ಇರುವ ಪುಸ್ತಕದಲ್ಲಿ
ಕಳೆದುಹೋದ ಕುರಿಯ ವಿಷಯವಿದೆ,
ಕಳೆ ಸುಡುವ ವಿಷಯವೂ ಇದೆ,
ಹಿಡಿದ ಚೆಂಡಿನ ವಿಷಯವಿಲ್ಲ.
ಕಣ್ಣು ಕಂಡದ್ದನ್ನು ಬಾಯಿ ಹೇಳಿತು:
ಔಟ್.

ಲಮಾರ್ ಚೆಂಡನ್ನು ಎಸೆದ, ನೇರ ಎರಡನೇ ಬೇಸಿಗೆ.
ಸೈಕಲ್ಲು ಹತ್ತಿ ಹೋದ. ಕೈ ಬೀಸಲಿಲ್ಲ.
ನಾನೂ.

ಗುರುವಾರ ಡೀಕನ್ ಲೀಡ್ ಬಂದರು, ಹ್ಯಾಟು ಕೈಯಲ್ಲಿ.
ಒಲೆಯ ಕೊಳವೆ ತಟ್ಟಿ ನೋಡಿದರು,
ಹಾಜರಿ ಪುಸ್ತಕ ನೋಡಿದರು,
ಗೂಟಗಳನ್ನು ನೋಡಲಿಲ್ಲ.
ಮಾರ್ವಿನ್ ಔಟಂತೆ?
ಹೌದು.
ನೆಲ ಮುಟ್ಟಿತ್ತೇ?
ಇಲ್ಲ.
ಬಾಗಿಲಲ್ಲಿ ನಿಂತು ಹ್ಯಾಟು ಇಟ್ಟುಕೊಂಡರು,
ಬಹಳ ಹೊತ್ತು ಮೈದಾನವನ್ನೇ ನೋಡಿದರು.
ಬೇಲಿ ಹಳೆಯದಾಗಿದೆ, ಎಂದರು.

ಎತ್ತರಿಸಬೇಕೆಂದೋ, ಕೀಳಬೇಕೆಂದೋ
ನಾನು ಕೇಳಲಿಲ್ಲ.
ಹೊರಗೆ ಆರನೇ ತರಗತಿಯ ಎಡ್ನಾ
ಬೇಲಿಯತ್ತಲೇ ಗುರಿಯಿಟ್ಟು, ಮತ್ತೆ ಮತ್ತೆ,
ಚೆಂಡನ್ನು ಎತ್ತಿ ಹೊಡೆಯುವುದು ಕಲಿಯುತ್ತಿದ್ದಳು.
ಗಂಟೆಯ ಹಗ್ಗ ಕೈಯಲ್ಲಿತ್ತು.
ಐದು ನಿಮಿಷ ತಡಮಾಡಿದೆ.